ಭಾವನ ಸೂರ್ಯ, ಅಣ್ಣನ ಸೆರಗು

ಸೂರ್ಯನ ಮೇಲೆ ಇವತ್ತು ಏನು ಗಲಾಟೆ ನಡೆದಿದೆ ಎಂದು ಹೇಳಬಲ್ಲವರು ಇಡೀ ಚಳ್ಳಕೆರೆಗೆ ಒಬ್ಬರೇ ಇದ್ದರು. ಅವರು ನಮ್ಮ ಭಾವ. ಅದೇ ಹೊತ್ತಿಗೆ ತಮ್ಮ ಅಡುಗೆಮನೆಯಲ್ಲಿ ಏನು ಗಲಾಟೆ ನಡೆದಿದೆ ಎಂದು ತಿಳಿಯದವರೂ ಒಬ್ಬರೇ ಇದ್ದರು. ಅವರೂ ನಮ್ಮ ಭಾವನೇ! ಒಂಬತ್ತು ಕೋಟಿ ಮೈಲಿಗೂ ಆಚೆ ಇರುವ ಬೆಂಕಿಯುಂಡೆಯ ಸಮಾಚಾರ ಬಲ್ಲವರಿಗೆ ಒಂಬತ್ತು ಅಡಿ ಆಚೆ ಒಲೆಯ ಮೇಲೆ ಹಾಲು ಉಕ್ಕುವುದು ಗೊತ್ತಾಗುತ್ತಿರಲಿಲ್ಲ. ಉಕ್ಕಿದ ಮೇಲೆ ಗೊತ್ತಾಗುತ್ತಿತ್ತು. ಆಗಲೂ ಪಾತ್ರೆ ಇಳಿಸುತ್ತಿರಲಿಲ್ಲ, ಹಾಲು ಉಕ್ಕುವ ಕ್ರಮವನ್ನು ನಿಂತು ನೋಡುತ್ತಿದ್ದರು.

ಭಾವ ಎಂದರೆ ನನ್ನ ಅಕ್ಕನ ಗಂಡ. ಊರು ಮೊಳಕಾಲ್ಮೂರು, ರೇಷ್ಮೆ ಸೀರೆ ನೇಯುವ ಮನೆತನ. ಆ ಮನೆಯಲ್ಲಿ ಮಗ್ಗದ ಗುಂಡಿಗೆ ಇಳಿಯದೆ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗರು ಇವರು. ಓದಿ ಓದಿ ದೂರದ ಯಾವುದೋ ದೊಡ್ಡ ಸಂಸ್ಥೆಯಲ್ಲಿ ಸಂಶೋಧನೆಗೆ ಸೇರಿ, ಅದನ್ನು ಅರ್ಧಕ್ಕೆ ಬಿಟ್ಟು, ಚಳ್ಳಕೆರೆಯ ಪಿಯು ಕಾಲೇಜಿಗೆ ಭೌತಶಾಸ್ತ್ರದ ಉಪನ್ಯಾಸಕರಾಗಿ ಬಂದಿದ್ದರು. ಸಂಶೋಧನೆ ಅವರನ್ನು ಬಿಟ್ಟಿತ್ತೇ ಹೊರತು ಅವರು ಸಂಶೋಧನೆಯನ್ನು ಬಿಟ್ಟಿರಲಿಲ್ಲ. ನಾನು ಅದೇ ಊರಿನ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಅವರ ಮನೆಯ ಪಕ್ಕದ ಮನೆಯಲ್ಲೇ ಬಾಡಿಗೆಗಿದ್ದೆ, ನಡುವೆ ಒಂದೇ ಗೋಡೆ. ಹೀಗಾಗಿ ತೊಂಬತ್ತರ ದಶಕ ಪೂರ್ತಿ, ಹೊತ್ತು ಮುಳುಗಿದ ಮೇಲೂ ನನಗೆ ಸೂರ್ಯನಿಂದ ಬಿಡುಗಡೆ ಇರಲಿಲ್ಲ.

ಅಕ್ಕನನ್ನು ನೋಡಲು ಬಂದ ದಿನವೇ ನಮಗೆ ಅನುಮಾನ ಬರಬೇಕಿತ್ತು. ಹುಡುಗಿಗೆ ಏನಾದರೂ ಕೇಳುವುದಿದ್ದರೆ ಕೇಳಪ್ಪ ಎಂದು ಹಿರಿಯರು ಅಂದರು. ಬೇರೆ ಗಂಡುಗಳಾಗಿದ್ದರೆ ಹಾಡು ಬರುತ್ತದೆಯೇ, ಅಡುಗೆ ಬರುತ್ತದೆಯೇ ಎಂದು ಕೇಳಿಯಾರು. ಇವರು ಕಾಫಿ ಲೋಟ ಕೆಳಗಿಟ್ಟು, ಗಂಟಲು ಸರಿಮಾಡಿಕೊಂಡು, "ಎರಡು ಕಾಂತರೇಖೆ ಎದುರುಬದುರಾಗಿ ಬಂದು ಹತ್ತಿರ ನಿಂತ್ರೆ ಏನಾಗ್ತೈತೆ?" ಎಂದು ಕೇಳಿದರು. ಅಕ್ಕ ಒಂದು ಕ್ಷಣ ಯೋಚಿಸಿ, "ಕಾಫಿ ಆರ್ತೈತೆ" ಎಂದಳು. ಭಾವ ಲೋಟ ಎತ್ತಿ ಕುಡಿದು, ಹೆಣ್ಣು ಒಪ್ಪಿಗೆ ಎಂದುಬಿಟ್ಟರು. ಇಂಥ ಸಂಬಂಧ ಯಾರಿಗುಂಟು ಯಾರಿಗಿಲ್ಲ ಎಂದು ನಮ್ಮ ಅವ್ವ ಆ ದಿನವೇ ತಲೆಯ ಮೇಲೆ ಕೈಯಿಟ್ಟುಕೊಂಡಳು.

ಈ ಕಾಂತರೇಖೆಯ ವಿಷಯ ನನಗೆ ಅರ್ಥವಾಗುವಂತೆ ಹೇಳುವುದು ಅವರ ಜೀವನದ ಉದ್ದೇಶಗಳಲ್ಲಿ ಒಂದಾಗಿತ್ತು. ಕನ್ನಡ ಮೇಷ್ಟ್ರಿಗೆ ಅರ್ಥವಾದರೆ ಯಾರಿಗಾದರೂ ಅರ್ಥವಾದೀತು ಎಂಬುದು ಅವರ ನಂಬಿಕೆ. ಕೇಳಿ ಕೇಳಿ ನನಗೆ ಬಾಯಿಪಾಠ ಆಗಿದೆ. ಗಾಳಿಯಂಥ ಅನಿಲವನ್ನು ಸಿಕ್ಕಾಪಟ್ಟೆ ಕಾಯಿಸಿದರೆ ಅದರ ಕಣಗಳೇ ಒಡೆದು ವಿದ್ಯುತ್ತು ಹರಿಯುವ ಒಂದು ಸ್ಥಿತಿ ಬರುತ್ತದೆ, ಅದು ಪ್ಲಾಸ್ಮಾ. ಸೂರ್ಯನೆಂದರೆ ಪೂರ್ತಿ ಅದೇ. ಅದರೊಳಗೆ ಕರೆಂಟು ಹರಿಯುತ್ತದೆ, ಕರೆಂಟಿನ ಸುತ್ತ ಕಾಂತರೇಖೆಗಳು ಸುತ್ತಿಕೊಳ್ಳುತ್ತವೆ. ಒಂದು ಕಡೆಯ ರೇಖೆ ಹೀಗೆ, ಇನ್ನೊಂದು ಕಡೆಯದು ಹಾಗೆ, ಒಂದಕ್ಕೊಂದು ವಿರುದ್ಧವಾಗಿ ಬಂದು ಒತ್ತಿಕೊಂಡಾಗ ನಡುವೆ ತೆಳ್ಳನೆಯ ಒಂದು ಹಾಳೆಯಷ್ಟು ಜಾಗ ಉಳಿಯುತ್ತದೆ. ಅಲ್ಲೇ ಇರುವುದು ಗ್ರಹಚಾರ. ಸಣ್ಣ ಕಂಪನ ಎದ್ದು ದೊಡ್ಡದಾಗಿ ಆ ಹಾಳೆ ಹರಿಯುತ್ತದೆ. ಅದಕ್ಕೆ ಅವರು ಅಸ್ಥಿರತೆ ಎನ್ನುತ್ತಿದ್ದರು. ಹರಿದ ಕೂಡಲೆ ಈ ಕಡೆಯ ರೇಖೆ ತುಂಡಾಗಿ ಆ ಕಡೆಯ ತುಂಡಿಗೆ ಸೇರಿಕೊಳ್ಳುತ್ತದೆ, ಆ ಕಡೆಯದು ಈ ಕಡೆಗೆ. ಇದೇ ಮರುಜೋಡಣೆ. ಅಷ್ಟು ಹೊತ್ತು ಬಿಗಿದುಕೊಂಡಿದ್ದ ಶಕ್ತಿಯೆಲ್ಲ ಒಮ್ಮೆಗೇ ಬಿಡುಗಡೆಯಾಗಿ ಸೂರ್ಯನ ಮೇಲೆ ಜ್ವಾಲೆ ಏಳುತ್ತದೆ. ಇದನ್ನು ಪ್ರತ್ಯಕ್ಷ ತೋರಿಸಲು ಅವರಿಗೆ ದಾರ ಬೇಕಾಗುತ್ತಿತ್ತು. ನನ್ನ ಪೈಜಾಮದ ಲಾಡಿ ಎಷ್ಟು ಸಲ ಸೂರ್ಯನ ಕಾಂತರೇಖೆಯಾಗಿ ತುಂಡಾಗಿದೆಯೋ ಲೆಕ್ಕವಿಲ್ಲ. ಮರುಜೋಡಣೆ ಮಾತ್ರ ನಾನೇ ಸೂಜಿ ಹಿಡಿದು ಮಾಡಿಕೊಳ್ಳಬೇಕಾಗಿತ್ತು.

ಬರೀ ಹೇಳಿ ಬಿಟ್ಟಿದ್ದರೆ ಸರಿ, ಅವರಿಗೆ ಅದು ಎಲ್ಲೆಂದರಲ್ಲಿ ಕಾಣಿಸುತ್ತಿತ್ತು. ಒಂದು ಭಾನುವಾರ ಮೊಳಕಾಲ್ಮೂರಿಗೆ ಹೊರಟು ಚಳ್ಳಕೆರೆ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆವು. ಬಸ್ಸು ಬಂತು. ಇಳಿಯುವವರು ಇಳಿಯುವ ಮೊದಲೇ ಹತ್ತುವವರು ನುಗ್ಗಿದರು. ಬಾಗಿಲಲ್ಲಿ ಎರಡು ಪ್ರವಾಹ ಎದುರಾದವು. ಒಬ್ಬರ ಟವೆಲ್ಲು ಇನ್ನೊಬ್ಬರ ಹೆಗಲಿಗೆ ಹೋಯಿತು, ಒಬ್ಬರ ಚೀಲ ಇನ್ನೊಬ್ಬರ ತೋಳಿಗೆ ಸಿಕ್ಕಿಕೊಂಡಿತು. ಭಾವ ನನ್ನ ರಟ್ಟೆ ಹಿಡಿದು ನಿಲ್ಲಿಸಿದರು.

"ನೋಡಲೇ, ನಡುವೆ ಹೆಂಗೆ ತೆಳ್ಳಗಾಗೈತೆ. ಈಗ ಹರೀತೈತೆ ನೋಡು."

"ಭಾವ, ಸೀಟು ಹೋಗ್ತೈತೆ."

"ಸೀಟು ನಾಳೇನೂ ಸಿಗ್ತೈತೆ. ಇಂಥ ಅಸ್ಥಿರತೆ ದಿನಾ ಸಿಗಲ್ಲ."

ಅಸ್ಥಿರತೆಯನ್ನು ನೋಡಿ ಮುಗಿಸುವಷ್ಟರಲ್ಲಿ ಬಸ್ಸು ಹೊರಟುಹೋಗಿತ್ತು. ಮುಂದಿನ ಬಸ್ಸಿನಲ್ಲಿ ನಿಂತುಕೊಂಡು ಹೋದೆವು. ದಾರಿಯುದ್ದಕ್ಕೂ ನನ್ನ ಕಾಲಿನ ಮೇಲೆ ಯಾರದೋ ಶೇಂಗಾ ಮೂಟೆ ಇತ್ತು.

ಅವರ ಸ್ಕೂಟರಿನ ಕಥೆಯೂ ಇದೇ. ಅದು ಒಮ್ಮೆ ಒದ್ದರೆ ಹೊರಡುವ ಜಾತಿಯದಲ್ಲ. ಪೇಟೆಯ ಮೆಕ್ಯಾನಿಕ್ಕು ಬಾಷಾ ಸಾಬರ ಅಂಗಡಿ ಮುಂದೆ ಅದನ್ನು ನಿಲ್ಲಿಸಿಕೊಂಡು ಭಾವ, ಸ್ಪಾರ್ಕ್ ಪ್ಲಗ್ಗಿನ ಕಿಡಿಯೂ ಒಂದು ಪ್ಲಾಸ್ಮಾ, ಅದು ಯಾಕೆ ಆರಿಹೋಗುತ್ತಿದೆ ಎಂದು ಬಹಳ ಹೊತ್ತು ವಿವರಿಸಿದರು. ಬಾಷಾ ಸಾಬರು ತಲೆಯಾಡಿಸುತ್ತಲೇ ಪ್ಲಗ್ಗು ಬಿಚ್ಚಿ, ಒರೆಸಿ, ಅವರ ಮುಂದೆ ಹಿಡಿದರು.

"ಸರ್, ನೀವು ಹೇಳೋದು ಬರಾಬರ್. ಆದ್ರೆ ಪ್ಲಾಸ್ಮಾ ಮೇಲೆ ಕಚರಾ ಕೂತೈತೆ."

ಭಾವ ಬೇಜಾರು ಮಾಡಿಕೊಳ್ಳಲಿಲ್ಲ. ಕಚರಾ ಇದ್ದಾಗ ಕಿಡಿಯ ದಾರಿ ಹೇಗೆ ಬದಲಾಗುತ್ತದೆ ಎಂದು ಮತ್ತೆ ಮೊದಲಿನಿಂದ ಶುರು ಮಾಡಿದರು. ಬಾಷಾ ಸಾಬರು ಅಂಗಡಿಯ ಒಳಗಿನಿಂದ ಸ್ಟೂಲು ತರಿಸಿ ಕೂರಿಸಿದರು.

ಇಷ್ಟೆಲ್ಲದರ ಹಿಂದೆ ಒಂದೇ ಒಂದು ಪ್ರಶ್ನೆ ಇತ್ತು. ಅವರು ಸಂಶೋಧನೆಗೆ ಕೂತದ್ದೂ ಅದಕ್ಕೇ, ಉತ್ತರ ಸಿಗದೆ ಎದ್ದು ಬಂದದ್ದೂ ಅದಕ್ಕೇ. ಹಳೆಯ ಲೆಕ್ಕದ ಪ್ರಕಾರ ಈ ಮರುಜೋಡಣೆ ಬಹಳ ನಿಧಾನವಾಗಿ ಆಗಬೇಕಂತೆ. ತಿಂಗಳುಗಟ್ಟಲೆ ಹಿಡಿಯಬೇಕಾದದ್ದು ಸೂರ್ಯನ ಮೇಲೆ ನಿಮಿಷಗಳಲ್ಲಿ ಮುಗಿದುಹೋಗುತ್ತದಂತೆ. "ಇಷ್ಟು ಬೇಗ ಹೆಂಗಾಗ್ತೈತೆ ಹೇಳು" ಎಂದು ಅವರು ನನ್ನನ್ನು ಕೇಳುತ್ತಿದ್ದರು, ಅಕ್ಕನನ್ನು ಕೇಳುತ್ತಿದ್ದರು, ಹಾಲು ಹಾಕುವವಳನ್ನೂ ಬಿಟ್ಟಿರಲಿಲ್ಲ. ಹಾಲು ಹಾಕುವವಳು ಮಾತ್ರ, "ನಂಗೆ ಹೊತ್ತಾಯ್ತು ಸಾರ್" ಎಂದು ನಿಜವಾಗಿಯೂ ಬೇಗ ಹೋಗಿಬಿಡುತ್ತಿದ್ದಳು.

ಇಂಥವರ ಕೈಗೆ ನಿಜವಾದ ಕರೆಂಟು ಸಿಕ್ಕಿದರೆ ಏನಾಗಬೇಕು? ಅದೂ ಆಯಿತು.

ಮೊಳಕಾಲ್ಮೂರಿನ ಮನೆಯಲ್ಲಿ ಭಾವನ ಅಣ್ಣ ಇದ್ದರು. ನಾವೆಲ್ಲ ಅವರನ್ನು ದೊಡ್ಡಣ್ಣ ಎಂದೇ ಕರೆಯುತ್ತಿದ್ದೆವು. ಮಗ್ಗದಲ್ಲಿ ಅವರ ಕೈ ಎಂಥದೆಂದರೆ, ಆ ಓಣಿಯಲ್ಲಿ ಯಾರಾದರೂ ತಪ್ಪಿಲ್ಲದೆ ಒಂದು ಕೆಲಸ ಮಾಡಿದರೆ "ದೊಡ್ಡಣ್ಣನ ಕೈ ಬಿದ್ದಂಗೈತೆ" ಎನ್ನುತ್ತಿದ್ದರು. ಮಾತು ಕಡಿಮೆ. ಸಿಟ್ಟು ನೆತ್ತಿಗೇರಿದಾಗ ಮಾತ್ರ ತೆಲುಗು. ಅವರ ಮನೆಯಲ್ಲಿ ರೇಷ್ಮೆ ಎಳೆಗಳನ್ನು ತಿರುಚಿ ಹುರಿ ಹಾಕುವ ಒಂದು ಯಂತ್ರವಿತ್ತು. ಅದರ ಮೋಟಾರು ಸುಟ್ಟು ರಿಪೇರಿಯಾಗಿ ಬಂದಿತ್ತು, ತಂತಿ ಜೋಡಿಸಬೇಕಿತ್ತು. ಕರೆಂಟಿನ ಕೆಲಸದವನು ನಾಳೆ ಬರುತ್ತೇನೆ ಎಂದಿದ್ದ. ರಜೆಗೆ ಹೋಗಿದ್ದ ಭಾವ, "ಮನೇಲಿ ನಾನಿರುವಾಗ ಅವನ್ಯಾಕೆ?" ಎಂದು ಮೂರು ತಂತಿಯನ್ನೂ ಜೋಡಿಸಿ, ಮೋಟಾರು ಗಿರ್ರೆಂದು ತಿರುಗಿದ್ದನ್ನು ನೋಡಿ, ಸಂತೋಷದಿಂದ ಚಳ್ಳಕೆರೆಗೆ ಬಂದುಬಿಟ್ಟರು.

ಮೋಟಾರು ತಿರುಗಿತ್ತು, ನಿಜ. ಯಾವ ಕಡೆಗೆ ತಿರುಗುತ್ತಿದೆ ಎಂದು ಯಾರೂ ನೋಡಿರಲಿಲ್ಲ. ಮೂರರಲ್ಲಿ ಎರಡು ತಂತಿ ಅದಲುಬದಲಾಗಿ ಅದು ಹಿಂದುಮುಂದಾಗಿ ತಿರುಗಿತ್ತು. ಬಲಕ್ಕೆ ಬೀಳಬೇಕಾದ ಹುರಿ ಎಡಕ್ಕೆ ಬಿದ್ದಿತ್ತು. ಅದು ಗೊತ್ತಾದದ್ದು ಯಾವಾಗ? ಹಳೆಯ ರೇಷ್ಮೆ, ಹೊಸ ರೇಷ್ಮೆ ಎರಡೂ ಸೇರಿ ಬಣ್ಣ ಕುಡಿದು ಮಗ್ಗಕ್ಕೆ ಏರಿದ ಮೇಲೆ! ಒಂದೇ ಬಣ್ಣದ ಸೀರೆಯ ಮೇಲೆ ಬೆಳಕು ಬಿದ್ದರೆ ಪಟ್ಟೆ ಪಟ್ಟೆಯಾಗಿ ಕಾಣುತ್ತಿತ್ತು. ದೊಡ್ಡಣ್ಣ ಹೇಳಿಕಳಿಸಿದರು. ನಾನೂ ಭಾವನ ಜೊತೆ ಹೋದೆ. ಭಾವ ಮೋಟಾರನ್ನು ಬಗ್ಗಿ ನೋಡಿದರು. ಆಮೇಲೆ ಮಾಡಬಾರದ ಒಂದು ಕೆಲಸ ಮಾಡಿದರು. ಮುಖ ಅರಳಿಸಿ ನಕ್ಕರು.

"ಅಣ್ಣಾ, ಎಂಥ ಚೆಂದ ನೋಡು. ಎರಡು ತಂತಿ ಬದಲಾದ್ರೆ ಸಾಕು, ಒಳಗೆ ತಿರುಗೋ ಕಾಂತಕ್ಷೇತ್ರನೇ ಹಿಂದಕ್ಕೆ ತಿರುಗ್ತೈತೆ."

"ನನ್ನ ರೇಷ್ಮೆ ಹಾಳಾಗೈತೆ. ನೀನು ನಗ್ತೀಯಾ?"

"ನಗ್ತಿಲ್ಲಣ್ಣ. ತತ್ವ ಹೇಳ್ತಿದೀನಿ."

"ಚಾಲು, ಚಾಲು" ಎಂದರು ದೊಡ್ಡಣ್ಣ. ಸಾಕು ಸಾಕು ಎಂದು ತೆಲುಗಿನಲ್ಲಿ ಅಂದರೆಂದರೆ ಸಾಕಾಗಿದೆ ಎಂದೇ ಅರ್ಥ. "ನಿನ್ನ ಕರೆಂಟು ನಿನ್ನ ಹತ್ರ ಇರ್ಲಿ, ನನ್ನ ಮಗ್ಗ ನನ್ನ ಹತ್ರ ಇರ್ಲಿ."

ಆ ದಿನದಿಂದ ಅಣ್ಣತಮ್ಮಂದಿರ ಮಾತು ನಿಂತಿತು. ದೊಡ್ಡಣ್ಣನಿಗೆ ರೇಷ್ಮೆ ಹೋದದ್ದಕ್ಕಿಂತ ಆ ನಗು ಹೆಚ್ಚು ಚುಚ್ಚಿತ್ತು ಎಂದು ನನಗೆ ಅನ್ನಿಸುತ್ತದೆ. ರೇಷ್ಮೆಗೆ ಬದಲು ರೇಷ್ಮೆ ತರಬಹುದು. ನಕ್ಕದ್ದನ್ನು ವಾಪಸು ತೆಗೆದುಕೊಳ್ಳುವುದು ಹೇಗೆ?

ಮಾತು ನಿಂತಿತೆಂದರೆ ಹೋಗಿಬರುವುದು ನಿಂತಿತೆಂದು ತಿಳಿಯಬೇಡಿ. ನಮ್ಮ ಕಡೆ ಜಗಳಕ್ಕೂ ಒಂದು ಮರ್ಯಾದೆ ಇರುತ್ತದೆ. ಹಬ್ಬಕ್ಕೆ ಭಾವ ಹೋಗುತ್ತಿದ್ದರು, ಅಣ್ಣನ ಪಕ್ಕದ ಎಲೆಗೇ ಕೂರುತ್ತಿದ್ದರು. ಮಾತು ಮಾತ್ರ ದೊಡ್ಡಣ್ಣನ ಹೆಂಡತಿಯ ಮೂಲಕ ಹಾದುಹೋಗುತ್ತಿತ್ತು.

"ಕಾಲೇಜು ಮೇಷ್ಟ್ರಿಗೆ ಹೇಳೇ, ಮುದ್ದೆ ಆರ್ತೈತೆ ಅಂತ."

"ಅತ್ತಿಗೆ, ಅಣ್ಣನಿಗೆ ಹೇಳ್ರಿ, ಆರಲಿ ಅಂತಾನೆ ಕೂತಿದೀನಿ ಅಂತ."

ಎದುರಿಗೆ ನಿಂತ ಅತ್ತಿಗೆ ಯಾರಿಗೂ ಏನೂ ಹೇಳದೆ ಸಾರು ಬಡಿಸುತ್ತಿದ್ದರು. ಅತ್ತಿಗೆ ಮನೆಯಲ್ಲಿ ಇಲ್ಲದ ದಿನ ಈ ಕೆಲಸ ನಡುಮನೆಯ ಕಂಬದ ಪಾಲಿಗೆ ಬೀಳುತ್ತಿತ್ತು. "ಚಳ್ಳಕೆರೆ ಬಸ್ಸು ಇವತ್ತು ಬೇಗ ಹೊರಡ್ತೈತಂತೆ" ಎಂದು ದೊಡ್ಡಣ್ಣ ಕಂಬಕ್ಕೆ ತಿಳಿಸುತ್ತಿದ್ದರು. "ಗೊತ್ತೈತೆ" ಎಂದು ಭಾವ ಕಂಬದ ಇನ್ನೊಂದು ಮಗ್ಗುಲಿಗೆ ಉತ್ತರ ಕೊಡುತ್ತಿದ್ದರು. ಕಂಬ ಒಳ್ಳೆಯದು, ಎರಡು ಕಡೆಯ ಮಾತನ್ನೂ ಹೊಟ್ಟೆಗೆ ಹಾಕಿಕೊಂಡು ಸುಮ್ಮನಿತ್ತು.

ವರ್ಷಗಳು ಹೀಗೇ ಕಳೆದವು. ಒಮ್ಮೆ ನಾನು ಕೆಣಕಿದೆ. "ಭಾವ, ಎದುರು ದಿಕ್ಕಿನ ಎರಡು ರೇಖೆ ನಿಮ್ಮ ಮನೇಲೇ ನಿಂತಾವೆ. ಮರುಜೋಡಣೆ ಯಾವಾಗ?"

ಅವರು ಇದನ್ನು ತಮಾಷೆ ಎಂದುಕೊಳ್ಳಲಿಲ್ಲ. ಸ್ವಲ್ಪ ಹೊತ್ತು ಲೆಕ್ಕ ಹಾಕಿದರು. "ಎದುರು ದಿಕ್ಕಿನ ಕರೆಂಟುಗಳು ಒಂದನ್ನೊಂದು ದೂರಕ್ಕೆ ತಳ್ತಾವೆ ಕಣಯ್ಯ. ತಾವಾಗೇ ಹತ್ರ ಬರಲ್ಲ. ಹೊರಗಿಂದ ಏನಾದ್ರೂ ಒತ್ತಬೇಕು."

ಹೊರಗಿನ ಒತ್ತಡ ಎರಡು ಸಾವಿರದ ಇಸವಿಯ ಆಚೀಚೆ ಬಂತು. ದೊಡ್ಡಣ್ಣನ ಒಬ್ಬಳೇ ಮಗಳು ಗಿರಿಜೆಗೆ ಮದುವೆ ಗೊತ್ತಾಯಿತು.

ಆ ಮನೆಯಲ್ಲಿ ಒಂದು ಪದ್ಧತಿ. ಮಗಳ ಧಾರೆ ಸೀರೆಯನ್ನು ಅಂಗಡಿಯಿಂದ ತರುವಂತಿಲ್ಲ, ಮನೆಯ ಮಗ್ಗದಲ್ಲೇ ನೇಯಬೇಕು. ಸೀರೆಯ ಒಡಲು ಒಂದು ಬಣ್ಣ, ಸೆರಗು ಇನ್ನೊಂದು ಬಣ್ಣ. ಒಡಲು ನೇಯ್ದು ಮುಗಿದ ಮೇಲೆ ಅದರ ಉದ್ದದ ಎಳೆಗಳನ್ನು ತುಂಡರಿಸಿ, ಸೆರಗಿನ ಬಣ್ಣದ ಹೊಸ ಎಳೆಗಳನ್ನು ಒಂದೊಂದಾಗಿ ಹೊಸೆದು ಸೇರಿಸಬೇಕು. ಸಾವಿರಾರು ಎಳೆ. ಬೆರಳಿಗೆ ಬೂದಿ ಹಚ್ಚಿಕೊಂಡು ಒಂದಕ್ಕೊಂದು ತಿರುಚುತ್ತ ಹೋಗುವ ಈ ಕೆಲಸಕ್ಕೆ ಸೆರಗು ಹಚ್ಚುವುದು ಎನ್ನುತ್ತಾರೆ. ಬೇರೆ ಸೀರೆಗೆ ಯಾರು ಬೇಕಾದರೂ ಹಚ್ಚಬಹುದು. ಧಾರೆ ಸೀರೆಗೆ ಮಾತ್ರ ಹುಡುಗಿಯ ಅಪ್ಪ ಒಂದು ಅಂಚಿನಲ್ಲಿ, ಅಪ್ಪನ ತಮ್ಮ ಇನ್ನೊಂದು ಅಂಚಿನಲ್ಲಿ ಎದುರುಬದುರು ಕೂತು ನಡುವಿಗೆ ಬರಬೇಕು. ಸೆರಗು ಬೀಳುವುದು ಬೆನ್ನ ಮೇಲೆ. ಆ ಬೆನ್ನಿಗೆ ಎರಡು ಕಡೆಯಿಂದಲೂ ತವರಿನವರಿದ್ದಾರೆ ಎಂದು ಅದರ ಅರ್ಥವಂತೆ. ತಮ್ಮ ಇದ್ದೂ ಕೂರಲಿಲ್ಲವೆಂದರೆ ಬೀಗರ ಮುಂದೆ ಹುಡುಗಿ ತಲೆಯೆತ್ತುವ ಹಾಗಿಲ್ಲ.

ಗಿರಿಜೆ ತಾನೇ ಚಳ್ಳಕೆರೆಗೆ ಬಂದಳು. "ಚಿಕ್ಕಪ್ಪ, ನೀವು ಬರದಿದ್ರೆ ನಾನು ಅಂಗಡಿ ಸೀರೆ ಉಟ್ಕೊಂತೀನಿ" ಎಂದಳು. ಮೊಳಕಾಲ್ಮೂರಿನ ಹುಡುಗಿಯ ಬಾಯಲ್ಲಿ ಇದಕ್ಕಿಂತ ದೊಡ್ಡ ಬೆದರಿಕೆ ಇಲ್ಲ.

"ಅವರು ಕರೆದಾರಾ?" ಎಂದರು ಭಾವ.

"ಅಪ್ಪ ಕಂಬಕ್ಕೆ ಹೇಳ್ತಿತ್ತು, ಸೆರಗಿಗೆ ಇಬ್ರು ಬೇಕು ಅಂತ."

"ಹಂಗಾದ್ರೆ ಕರೆದಂಗೇ" ಎಂದು ಭಾವ ಒಪ್ಪಿದರು.

ಹೇಳಿದ ದಿನ ನಾನೂ ಭಾವನೂ ಬಸ್ಸು ಹತ್ತಿದೆವು. ದಾರಿಯಲ್ಲಿ ಟೈರು ಪಂಕ್ಚರಾಗಿ ಮೊಳಕಾಲ್ಮೂರು ಮುಟ್ಟುವ ಹೊತ್ತಿಗೆ ಬಿಸಿಲು ಏರಿತ್ತು. ದೊಡ್ಡಣ್ಣ ಕಾಯದೆ ಮಗ್ಗದ ಮೇಲೆ ಸೆರಗಿನ ಹೊಸ ಎಳೆಗಳನ್ನು ತಾವೇ ಹರಡಿ ಬಿಗಿದು, ಎಡದ ಅಂಚಿನಿಂದ ಸಾಕಷ್ಟು ಎಳೆ ಹಚ್ಚಿಯೂ ಇದ್ದರು. ಅತ್ತಿಗೆ, ಗಿರಿಜೆ ಅಡುಗೆಮನೆಯಲ್ಲಿದ್ದರು. ನಾವು ಬಾಗಿಲಲ್ಲಿ ನಿಂತಾಗ ನಮ್ಮ ಕಡೆಗೇ ಮುಖ ಮಾಡಿ, "ಯಾರು?" ಎಂದರು. ಕಣ್ಣೆದುರು ನಿಂತ ತಮ್ಮನನ್ನು ಯಾರು ಎಂದು ಕೇಳುವುದೇ? ಎಂಥ ಜಂಬ ಎಂದುಕೊಂಡೆ. ರೇಷ್ಮೆ ಕೊಟ್ಟು ಸೀರೆ ನೇಯಿಸಿಕೊಳ್ಳುವ ಸಾಹುಕಾರರೂ ನಮ್ಮ ಹಿಂದೆಯೇ ಬಂದು ಕುರ್ಚಿಯಲ್ಲಿ ಕೂತರು. ಧಾರೆ ಸೀರೆಗೆ ಸೆರಗು ಹಚ್ಚುವುದನ್ನು ನೋಡಲು ಓಣಿಯವರೂ ನಾಲ್ಕೈದು ಜನ ಬಂದು ಸೇರಿದರು.

ಭಾವ ಕೈಕಾಲು ತೊಳೆದು ಬಲ ಅಂಚಿನಲ್ಲಿ ಕೂತರು. ನನಗೆ ಬೂದಿಯ ಬಟ್ಟಲು ಹಿಡಿಯುವ ಕೆಲಸ. ಈ ಕೆಲಸದ ಹೊತ್ತಿನಲ್ಲಿ ಯಾರೂ ಮಾತಾಡಬಾರದು, ಉಸಿರಿಗೆ ಎಳೆ ಹಾರುತ್ತದೆ. ಬೇರೆ ಮನೆಯ ಅಣ್ಣತಮ್ಮಂದಿರಿಗೆ ಇದು ಕಷ್ಟ. ಇವರಿಗೋ, ವರ್ಷಗಳ ಅಭ್ಯಾಸ!

ಭಾವ ಮೊದಲ ಎಳೆ ಕೈಗೆತ್ತಿಕೊಂಡು ಹಾಗೇ ಕೂತುಬಿಟ್ಟರು. ಒಮ್ಮೆ ಎಳೆ ನೋಡಿದರು, ಒಮ್ಮೆ ಎದುರಿಗಿದ್ದ ಅಣ್ಣನ ಮುಖ ನೋಡಿದರು, ಮತ್ತೆ ಎಳೆ ನೋಡಿದರು. ಸೂರ್ಯ ತಲೆಗೆ ಹತ್ತಿದ ಎಂದುಕೊಂಡು ನಾನು ಬಟ್ಟಲಿನಿಂದ ಅವರ ಮೊಣಕೈ ತಿವಿದೆ. ಅವರು ತಲೆ ತಗ್ಗಿಸಿ ಹೊಸೆಯಲು ಶುರು ಮಾಡಿದರು. ಬಾಲ್ಯದಲ್ಲಿ ಕಲಿತದ್ದು ಕೈ ಮರೆತಿರಲಿಲ್ಲ. ಎರಡು ಕಡೆಯಿಂದ ಹಚ್ಚುತ್ತ ಹಚ್ಚುತ್ತ ಕೊನೆಗೆ ನಡುವಿನಲ್ಲಿ ಇಬ್ಬರ ಬೆರಳೂ ಒಂದೇ ಎಳೆಗೆ ಬಂದವು. ದೊಡ್ಡಣ್ಣ ಕೈ ಹಿಂದಕ್ಕೆ ತೆಗೆದುಕೊಂಡರು. ಕೊನೆಯ ಎಳೆ ಭಾವ ಹಚ್ಚಿದರು.

ಊಟವಾದ ಮೇಲೆ ದೊಡ್ಡಣ್ಣ ಮಗ್ಗಕ್ಕೆ ಇಳಿದು ಸೆರಗು ನೇಯಲು ಶುರು ಮಾಡಿದರು. ಗೇಣುದ್ದ ಬಂದಿತ್ತೋ ಇಲ್ಲವೋ, ಲಾಳಿ ಎತ್ತಿಕೊಡುತ್ತಿದ್ದ ಗಿರಿಜೆ, "ಅಯ್ಯೋ" ಎಂದಳು. ಎಲ್ಲರೂ ಬಗ್ಗಿ ನೋಡಿದೆವು. ಸೀರೆಯ ಒಂದು ಅಂಚು ಕೆಂಪು, ಇನ್ನೊಂದು ಹಸಿರು, ಅವೇ ಬಣ್ಣ ಸೆರಗಿನ ಅಂಚಿಗೂ ನೇರ ಮುಂದುವರಿಯಬೇಕು. ಒಡಲುದ್ದಕ್ಕೂ ಎಡಕ್ಕೆ ಬಂದ ಕೆಂಪು ಅಂಚು ಸೆರಗು ಶುರುವಾಗುವಲ್ಲಿ ತುಂಡಾಗಿ ಹಸಿರಿಗೆ ಸೇರಿತ್ತು. ಬಲಕ್ಕಿದ್ದ ಹಸಿರು ಕೆಂಪಿಗೆ ಸೇರಿತ್ತು. ಸೆರಗಿನ ಎಳೆಗಳನ್ನೇ ತಿರುಗುಮುರುಗಾಗಿ ಹರಡಿಬಿಟ್ಟಿದ್ದರು. ಬಿಚ್ಚುವ ಹಾಗಿಲ್ಲ, ಮತ್ತೆ ತುಂಡರಿಸಿದರೆ ಎಳೆ ಸಾಲುವುದಿಲ್ಲ, ಮದುವೆಗೆ ದಿನವೂ ಉಳಿದಿರಲಿಲ್ಲ. ಸಾಹುಕಾರರು ಕುರ್ಚಿಯಿಂದ ಎದ್ದರು. "ಈ ಮನೆ ಮಗ್ಗದಾಗೆ ಹಿಂಗಾಗಿದ್ದು ನಾನು ನೋಡಿಲ್ಲ. ಯಾರು ಹರಡಿದ್ದು?"

"ನಾನು" ಎಂದರು ಭಾವ.

ಎಲ್ಲರೂ ಅವರ ಕಡೆ ತಿರುಗಿದರು. ಭಾವ ಒಂದು ಸೀಮೆಸುಣ್ಣ ಹುಡುಕಿಕೊಂಡು ನೆಲದ ಮೇಲೆ ಗೆರೆ ಎಳೆಯಲು ಕೂತೇಬಿಟ್ಟರು. "ಇದು ತಪ್ಪಲ್ಲ, ಬೇಕಂತಲೇ ಮಾಡಿದ್ದು. ಇದು ಕೆಂಪು ರೇಖೆ, ಇದು ಹಸಿರು ರೇಖೆ. ಎರಡೂ ಇಲ್ಲಿ ತುಂಡಾಗಿ ಅದಲುಬದಲಾಗಿ ಸೇರ್ತಾವೆ. ಸೂರ್ಯನ ಮೇಲೆ ಇದಕ್ಕೆ ಮರುಜೋಡಣೆ ಅಂತಾರೆ..."

"ಮಗಳ ಧಾರೆ ಸೀರೆ ಮೇಲೆ ಪ್ರಯೋಗ ಮಾಡ್ತಾರೇನ್ರಿ?" ಎಂದು ಅತ್ತಿಗೆ ಅಳತೊಡಗಿದರು. ಅಂದು ಮಧ್ಯಾಹ್ನ ಆ ಮನೆಯಲ್ಲಿ ಭಾವನನ್ನು ಬೈಯದವರು ಇಬ್ಬರೇ. ಒಬ್ಬರು ದೊಡ್ಡಣ್ಣ, ಅವರು ಮಗ್ಗದ ಗುಂಡಿಯಲ್ಲಿ ಕೂತು ಹಲಗೆಯ ಮೇಲೆ ಕೈಯಿಟ್ಟುಕೊಂಡು ಅಲ್ಲಾಡದೆ ಇದ್ದರು. ಇನ್ನೊಬ್ಬ ನಾನು. ನನಗೆ ಬೈಯಲು ಮನಸ್ಸಿತ್ತು, ಆದರೆ ಒಂದು ವಿಷಯ ಅಡ್ಡ ಬಂತು. ನಾವಿಬ್ಬರೂ ಒಂದೇ ಬಸ್ಸಿನಲ್ಲಿ ಬಂದಿದ್ದೆವು. ನಾವು ಬರುವ ಮೊದಲೇ ಎಳೆಗಳನ್ನು ಹರಡಿ ಆಗಿತ್ತು!

ವಾಪಸು ಬರುವಾಗ ಬಸ್ಸಿನಲ್ಲಿ ಕೇಳಿದೆ. "ನೀವ್ಯಾಕೆ ಮೈಮೇಲೆ ಹಾಕ್ಕೊಂಡ್ರಿ?"

ಭಾವ ಕಿಟಕಿಯಾಚೆ ನೋಡುತ್ತಿದ್ದರು. ಆಮೇಲೆ ಸಣ್ಣಗೆ ಹೇಳಿದರು. "ಅಣ್ಣ ಎಳೆ ನೋಡ್ತಾನೇ ಇರಲಿಲ್ಲ ಕಣಯ್ಯ. ಬೆರಳಲ್ಲಿ ಮುಟ್ಟಿ ಮುಟ್ಟಿ ಹಚ್ತಿದ್ದ. ಕಣ್ಣಿಗೆ ಪೊರೆ ಬಂದೈತೆ. ಅವನ ಕಡೆ ಆಗ್ಲೇ ಕೆಂಪಿಗೆ ಹಸಿರು ಬೆಸೆದಾಗಿತ್ತು. ನಾನು ಈ ಕಡೆ ಬೇರೆ ಹಸಿರು ಎಳೆ ತಂದು ಸರಿಯಾಗಿ ಹಚ್ಚಿದ್ರೆ ಒಂದೇ ಕಡೆ ತಪ್ಪು ಎದ್ದು ಕಾಣ್ತಿತ್ತು. ಎರಡೂ ಕಡೆ ಬದಲಾದ್ರೆ ಬೇಕಂತ ಮಾಡ್ದಂಗೆ ಕಾಣ್ತೈತೆ."

"ಅಲ್ಲೇ ಹೇಳಬಹುದಿತ್ತಲ್ಲ?"

"ಸಾಹುಕಾರ್ರ ಮುಂದೆನಾ? ಕಣ್ಣು ಹೋಗೈತೆ ಅಂದ್ರೆ ಇನ್ಮೇಲೆ ಅವನಿಗೆ ಯಾರು ರೇಷ್ಮೆ ಕೊಡ್ತಾರೆ? ಮಗ್ಗ ಬಿಟ್ರೆ ಅವನು ಏನು ಮಾಡ್ತಾನೆ?" ಎಂದರು. "ನನ್ನ ಹೆಸರು ಹೆಂಗೂ ಕೆಟ್ಟೈತೆ. ಇನ್ನೊಂದು ಸೇರಿದ್ರೆ ಏನು?"

ಇಷ್ಟು ವರ್ಷ ಭಾವನನ್ನು ನೋಡಿ ನಕ್ಕವನು ನಾನು. ಆ ದಿನ ಅವರ ಪಕ್ಕದಲ್ಲಿ ಕೂತಿದ್ದಕ್ಕೆ ಹೆಮ್ಮೆಯಾಯಿತು. ಬಸ್ಸು ಚಳ್ಳಕೆರೆ ಮುಟ್ಟುವವರೆಗೆ ಅವರು ಸೂರ್ಯನ ಸುದ್ದಿ ಎತ್ತಲಿಲ್ಲ.

ಮದುವೆಯ ದಿನ ಗಿರಿಜೆ ಅದೇ ಸೀರೆ ಉಟ್ಟಳು. ಬೇರೆ ಸೀರೆ ತರುತ್ತೇವೆಂದರೂ ಕೇಳಲಿಲ್ಲ. ಬೀಗರ ಕಡೆಯ ಹೆಂಗಸರು ಅವಳ ಹಿಂದೆ ಹಿಂದೆ ತಿರುಗಿ, ಕೆಂಪು ಹೋಗಿ ಹಸಿರಾಗುವ ಜಾಗವನ್ನು ಮುಟ್ಟಿ ಮುಟ್ಟಿ ನೋಡಿ, ಇದು ಹೊಸ ಡಿಸೈನಾ, ಎಲ್ಲಿ ಸಿಗುತ್ತೆ ಎಂದು ಕೇಳಿದರು. ಸಾಹುಕಾರರು ತಕ್ಷಣ ಎದೆಯುಬ್ಬಿಸಿ, "ನಮ್ಮಲ್ಲೇ ಸಿಗೋದು" ಎಂದರು. ವ್ಯಾಪಾರವೆಂದರೆ ಅದು.

ಧಾರೆ ಮುಗಿದು, ಅಕ್ಷತೆ ಹಾಕಿದ ಜನ ಊಟದ ಕಡೆ ಸರಿದಿದ್ದರು. ದೊಡ್ಡಣ್ಣ ಮಂಟಪದ ಪಕ್ಕ ಒಂದು ಕುರ್ಚಿಯಲ್ಲಿ ಕೂತಿದ್ದರು. ಭಾವ, ನಾನು ಸ್ವಲ್ಪ ದೂರದಲ್ಲಿ ನಿಂತಿದ್ದೆವು. ಗಿರಿಜೆ ಬಂದು ಅಪ್ಪನ ಕಾಲಿಗೆ ನಮಸ್ಕಾರ ಮಾಡಿದಳು. ದೊಡ್ಡಣ್ಣ ಅವಳ ಸೆರಗು ಕೈಗೆ ತೆಗೆದುಕೊಂಡು, ಎಳೆ ಕೂಡಿದ ಜಾಗವನ್ನು ಹೆಬ್ಬೆರಳಿನಿಂದ ಸವರುತ್ತ ಹೋದರು. ಒಂದು ಅಂಚಿಗೆ ಬಂದು ನಿಲ್ಲಿಸಿದರು. ಹತ್ತಿರದಲ್ಲಿ ಅತ್ತಿಗೆ ಇದ್ದರು, ಮಂಟಪದ ಕಂಬವೂ ಇತ್ತು. ದೊಡ್ಡಣ್ಣ ಯಾವುದರ ಕಡೆಗೂ ತಿರುಗಲಿಲ್ಲ.

"ಲೇ ತಮ್ಮಾ, ಇಲ್ಲಿ ಯಾವ ಬಣ್ಣ ಐತೆ?"

ಭಾವ ಬೆಚ್ಚಿದವರಂತೆ ಹತ್ತಿರ ಹೋದರು. "ಕೆಂಪು, ಅಣ್ಣಾ."

"ಈ ಕಡೆ?"

"ಹಸಿರು."

ದೊಡ್ಡಣ್ಣ ಸೆರಗನ್ನು ಮಡಚಿ ಮಗಳ ಕೈಗೆ ಕೊಟ್ಟರು. "ನಾನೇ ತಿರುಗಿಸಿ ಹರಡಿದ್ದು ಕಣಲೇ. ನೇಯೋಕೆ ಕೂತಾಗ ನೀನು ‘ಹರಡಿದ್ದು ನಾನು’ ಅಂದ್ಯಲ್ಲ, ಅವಾಗ ಗೊತ್ತಾಯ್ತು." ಕಣ್ಣುಜ್ಜಿಕೊಂಡರು. "ಕಣ್ಣಿನ ಡಾಕ್ಟ್ರ ಹತ್ರ ಯಾವಾಗ ಕರ್ಕೊಂಡು ಹೋಗ್ತೀಯಾ?"

ಯಾವ ಪ್ರಶ್ನೆಗಾದರೂ ಒಂದು ಗಂಟೆ ಉತ್ತರ ಕೊಡಬಲ್ಲ ನಮ್ಮ ಭಾವ ಆ ಹೊತ್ತು ಮಾಡಿದ್ದು ಇಷ್ಟೇ. ತಮ್ಮ ಕನ್ನಡಕ ತೆಗೆದರು, ಪಂಚೆಯ ತುದಿಯಲ್ಲಿ ಒರೆಸಿದರು, ಒರೆಸಿದ್ದನ್ನು ತಾವು ಹಾಕಿಕೊಳ್ಳದೆ ಅಣ್ಣನ ಕಿವಿಗೆ ಸಿಕ್ಕಿಸಿದರು. ಪೊರೆ ಬಂದ ಕಣ್ಣಿಗೆ ಅದರಿಂದ ಏನೂ ಆಗುವುದಿಲ್ಲ ಎಂದು ಭೌತಶಾಸ್ತ್ರ ಓದದ ನನಗೂ ಗೊತ್ತಿತ್ತು.

"ಏನೂ ಕಾಣ್ತಿಲ್ಲಲ್ಲೋ" ಎಂದರು ದೊಡ್ಡಣ್ಣ.

"ಗೊತ್ತೈತೆ. ನಾಳೆ ಮೊದಲ ಬಸ್ಸಿಗೆ ಹೋಗನ" ಎಂದರು ಭಾವ. "ಅಲ್ಲಿಗಂಟ ಹಾಕ್ಕೊಂಡಿರು."

ಊಟಕ್ಕೆ ಕರೆದಾಗ ಇಬ್ಬರೂ ಎದ್ದರು. ಒಬ್ಬರಿಗೆ ಪೊರೆ, ಇನ್ನೊಬ್ಬರಿಗೆ ಕನ್ನಡಕವಿಲ್ಲ. ಇಬ್ಬರಿಗೂ ದಾರಿ ಕಾಣುತ್ತಿರಲಿಲ್ಲ. ಒಬ್ಬರ ಕೈ ಇನ್ನೊಬ್ಬರು ಹಿಡಿದುಕೊಂಡು ಪಂಕ್ತಿಯ ಕಡೆ ನಡೆದರು.